ಗಟ್ಟಿ ನೆಲ ಎಷ್ಟು ಆಳದಲ್ಲಿದೆ?

ಕೋಲಾರದಿಂದ ಮುಳಬಾಗಿಲಿನ ಕಡೆಗೆ ಹೆದ್ದಾರಿಯಲ್ಲಿ ಹೊರಟರೆ ನಡುವೆ ದೇವರಾಯಸಮುದ್ರ ಸಿಗುತ್ತದೆ. ಸುತ್ತ ಬಂಡೆಗುಡ್ಡ, ಕೆಮ್ಮಣ್ಣಿನ ಹೊಲ, ರಾಗಿ, ಟೊಮೆಟೊ, ಮಾವು. ವರ್ಷವಿಡೀ ಹರಿಯುವ ಹೊಳೆಯೊಂದೂ ಇಲ್ಲದ, ಸುಮಾರು 700ರಿಂದ 750 ಮಿಲಿಮೀಟರ್ ಮಳೆಯನ್ನೇ ನಂಬಿದ ಸೀಮೆ ಇದು. ಇಲ್ಲಿ ಬತ್ತ ಬೆಳೆಯಬೇಕಾದರೆ ಕೆರೆ ತುಂಬಬೇಕು, ಇಲ್ಲವೇ ಕೊಳವೆಬಾವಿ ಕೈಹಿಡಿಯಬೇಕು. ಕೆರೆ ತುಂಬಿ ತೂಬು ಎತ್ತಿದ ವರ್ಷ ಏರಿಯ ಕೆಳಗಿನ ಅಚ್ಚುಕಟ್ಟಿಗೆ ಜೀವ ಬರುತ್ತದೆ. ಗದ್ದೆಗೆ ನೀರು ಕಟ್ಟಿ, ಮಣ್ಣು ನೆನೆಸಿ, ಕಲಸಿ ಕೆಸರು ಮಾಡುವ ಕೆಲಸ ಶುರುವಾಗುತ್ತದೆ.

ಆಗ ಗದ್ದೆಗಿಳಿಯುವ ಟ್ರ್ಯಾಕ್ಟರಿನ ಹಿಂದಿನ ಟೈರುಗಳನ್ನು ಹತ್ತಿರದಿಂದ ನೋಡಬೇಕು. ಎರಡೂ ಟೈರುಗಳ ಹೊರಮಗ್ಗುಲಿಗೆ ಕಬ್ಬಿಣದ ಪಂಜರವೊಂದನ್ನು ಬೋಲ್ಟು ಹಾಕಿ ಬಿಗಿದಿರುತ್ತಾರೆ. ದುಂಡಗೆ ಬಗ್ಗಿಸಿದ ಕಬ್ಬಿಣದ ಬಳೆಗಳು, ಅವುಗಳ ಮೇಲೆ ಓರೆಯಾಗಿ ಬೆಸುಗೆ ಹಾಕಿದ ಎಲ್ ಆಂಗಲ್ ಪಟ್ಟಿಗಳು, ನಡುವೆ ಬರೀ ಖಾಲಿ ಜಾಗ. ಇದನ್ನು ಕೇಜ್ ವೀಲ್ ಎನ್ನುತ್ತಾರೆ. ಗಡಿಯಾಚೆ ಆಂಧ್ರದ ಕಡೆ ದಮ್ಮು ಚಕ್ರ. ಪಂಜರದ ಸುತ್ತಳತೆ ಟೈರಿನದಕ್ಕಿಂತ ತುಸು ಕಡಿಮೆ ಇರುತ್ತದೆ. ಬದುವಿನ ಮೇಲೆ, ಗಟ್ಟಿ ನೆಲದ ಮೇಲೆ ಟೈರೊಂದೇ ಭಾರ ಹೊರುತ್ತದೆ. ಟೈರು ಕೆಸರಿನಲ್ಲಿ ಇಳಿದ ಮೇಲಷ್ಟೇ ಪಂಜರಕ್ಕೆ ಮಣ್ಣು ತಾಗುತ್ತದೆ. ಈ ಸಣ್ಣ ಅಂತರದಲ್ಲಿ ದೊಡ್ಡ ವಿಜ್ಞಾನವಿದೆ. ಈ ಅಧ್ಯಾಯದ ವಸ್ತುವೇ ಅದು.

ಕೇಜ್ ವೀಲನ್ನು ಟ್ರ್ಯಾಕ್ಟರು ಕೊಂಡ ಮೇಲೆ ಬೇರೆಯಾಗಿ ಹಾಕಿಸಿಕೊಳ್ಳಬೇಕು. ಎಷ್ಟು ಅಗಲ, ಎಷ್ಟು ಪಟ್ಟಿ, ಎಷ್ಟು ಓರೆ, ಅರ್ಧ ಪಂಜರವೋ ಟೈರನ್ನೇ ತೆಗೆದು ಹಾಕುವ ಪೂರ್ಣ ಪಂಜರವೋ ಎಂಬುದನ್ನು ರೈತನೂ ವೆಲ್ಡಿಂಗ್ ಅಂಗಡಿಯವನೂ ನಿಂತು ತೀರ್ಮಾನಿಸುತ್ತಾರೆ. ಭೂಗೋಳದ ಇನ್ನೊಂದು ಮೂಲೆಯಲ್ಲಿ, ಅಮೆರಿಕ ಮತ್ತು ಕೆನಡಾದ ರಾಕಿ ಪರ್ವತಗಳ ತಪ್ಪಲಿನಲ್ಲಿ, ಬೇರೆ ಜನ ಇದೇ ಪ್ರಶ್ನೆಯನ್ನು ಎದುರಿಸುತ್ತಾರೆ. ಅವರ ಕೈಯಲ್ಲಿರುವುದು ಸ್ನೋಮೊಬೈಲ್: ಹಿಂದೆ ರಬ್ಬರಿನ ಉದ್ದ ಪಟ್ಟಿ, ಮುಂದೆ ಎರಡು ಸ್ಕೀ. ಗುಲ್ಮಾರ್ಗ್ ಅಥವಾ ಸೋಲಾಂಗ್‌ಗೆ ಪ್ರವಾಸ ಹೋದ ಕನ್ನಡಿಗರು ಸ್ನೋ ಸ್ಕೂಟರ್ ಎಂಬ ಹೆಸರಿನಲ್ಲಿ ಇದರ ಮೇಲೆ ಕುಳಿತು ಬಂದಿರುತ್ತಾರೆ. ಆಳವಾದ ಪುಡಿಹಿಮದಲ್ಲಿ ಓಡಿಸುವವರು ಎಷ್ಟೋ ಸಲ ಕಂಪನಿ ಕೊಟ್ಟ ಸ್ಕೀಗಳನ್ನು ತೆಗೆದು, ಬೇರೆ ತಯಾರಕರ ಅಗಲದ ಸ್ಕೀಗಳನ್ನು ಕೊಂಡು ಹಾಕಿಸುತ್ತಾರೆ.

ಕೆಸರಿಗೆ ಚಕ್ರ ಆರಿಸುವುದು, ಹಿಮಕ್ಕೆ ಸ್ಕೀ ಆರಿಸುವುದು ಒಂದೇ ಶಾಸ್ತ್ರದ ಎರಡು ಪಾಠಗಳು. ಮೆತ್ತನೆಯ ನೆಲದ ಮೇಲೆ ಯಂತ್ರ ಚಲಿಸುವ ಬಗೆಯನ್ನು ಓದುವ ಈ ಶಾಸ್ತ್ರಕ್ಕೆ ಟೆರ್ರಾಮೆಕ್ಯಾನಿಕ್ಸ್ ಎಂದು ಹೆಸರು. ಪೋಲೆಂಡಿನಲ್ಲಿ ಹುಟ್ಟಿ, ಕೆನಡಾದಲ್ಲೂ ಅಮೆರಿಕದಲ್ಲೂ ದುಡಿದ ಮೀಚಿಸ್ವಾಫ್ ಬೆಕ್ಕರ್ 1956ರಲ್ಲಿ ಪ್ರಕಟಿಸಿದ ಗ್ರಂಥದಿಂದ ಅದಕ್ಕೊಂದು ಗಟ್ಟಿ ಅಡಿಪಾಯ ಸಿಕ್ಕಿತು. ಇಂಥ ನೆಲದ ಮೇಲೆ ಹೋಗುವ ಯಂತ್ರ ಮೂರು ಕೆಲಸ ಮಾಡಬೇಕು: ಮುಳುಗದೆ ಇರಬೇಕು, ಮುಂದಕ್ಕೆ ಎಳೆಯಬೇಕು, ಬೇಕಾದ ಕಡೆ ತಿರುಗಬೇಕು. ಮೂರಕ್ಕೂ ಬೇಕಾದ ಆಕಾರ ಬೇರೆ ಬೇರೆ. ಯಾವುದಕ್ಕೆ ಎಷ್ಟು ಬಿಟ್ಟುಕೊಡಬೇಕು ಎಂಬುದನ್ನು ನಿರ್ಧರಿಸುವುದು ನೆಲವೇ.

ಚದರ ಸೆಂಟಿಮೀಟರಿನ ಲೆಕ್ಕ

ಮುಳುಗುವ ಮಾತಿನಿಂದ ಆರಂಭಿಸೋಣ. ನೆಲಕ್ಕೆ ಒಟ್ಟು ತೂಕಕ್ಕಿಂತ ಹೆಚ್ಚಾಗಿ ತಾಕುವುದು ಒತ್ತಡ, ಅಂದರೆ ಒಂದೊಂದು ಚದರ ಸೆಂಟಿಮೀಟರಿನ ಪಾಲಿಗೆ ಬಂದ ತೂಕ. ಅರವತ್ತು ಕಿಲೋ ತೂಕದ ಮನುಷ್ಯ ನಡೆಯುವಾಗ ಒಂದು ಪಾದದ ಮೇಲೆ ನಿಂತ ಗಳಿಗೆಯಲ್ಲಿ, ಪಾದ ಊರಿದ ಜಾಗ 180 ಚದರ ಸೆಂಟಿಮೀಟರ್ ಎಂದಿಟ್ಟುಕೊಂಡರೆ, ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 330 ಗ್ರಾಂ ಆಗುತ್ತದೆ. ಎರಡು ಟನ್ನಿನ ಆಸುಪಾಸಿನ ಟ್ರ್ಯಾಕ್ಟರಿನ ಹಿಂದಿನ ಟೈರಿನಲ್ಲಿ 14 ಪೌಂಡಿನಷ್ಟು ಗಾಳಿ ಇದ್ದರೆ, ಅದು ನೆಲವನ್ನು ಒತ್ತುವುದು ಹೆಚ್ಚುಕಡಿಮೆ ಚದರ ಸೆಂಟಿಮೀಟರಿಗೆ ಒಂದು ಕಿಲೋದಂತೆ. ಕಿರಿದಾದ, ಗಾಳಿ ಹೆಚ್ಚಿರುವ ಮುಂದಿನ ಟೈರುಗಳ ಒತ್ತಡ ಇನ್ನೂ ಜಾಸ್ತಿ.

ಈಗ ಸ್ನೋಮೊಬೈಲನ್ನು ತೂಗಿ ನೋಡೋಣ. ಗಾಡಿ 250 ಕಿಲೋ, ಸವಾರ ಚಳಿಯುಡುಪಿನ ಸಮೇತ 90 ಕಿಲೋ, ಒಟ್ಟು 340. ಇದರಲ್ಲಿ 80 ಕಿಲೋ ಮುಂದಿನ ಸ್ಕೀಗಳ ಮೇಲೆ, ಉಳಿದದ್ದು ಹಿಂದಿನ ಪಟ್ಟಿಯ ಮೇಲೆ ಬೀಳುತ್ತದೆ ಎಂದುಕೊಳ್ಳೋಣ. ಬೆಟ್ಟದ ಗಾಡಿಗಳ ಪಟ್ಟಿ 40 ಸೆಂಟಿಮೀಟರ್ ಅಗಲ ಇರುತ್ತದೆ. ಆಳ ಹಿಮದಲ್ಲಿ ಅದರ ಎರಡು ಮೀಟರಿನಷ್ಟು ಉದ್ದ ಹಿಮಕ್ಕೆ ತಾಗಿದರೆ ಒತ್ತಡ ಚದರ ಸೆಂಟಿಮೀಟರಿಗೆ ಬರೀ 33 ಗ್ರಾಂ. ಮುಂದಿನ ಸ್ಕೀ 14 ಸೆಂಟಿಮೀಟರ್ ಅಗಲ, ಒಂದು ಮೀಟರ್ ಉದ್ದ ತಾಗುವಂಥದ್ದಾದರೆ ಅದರ ಪಾಲು ಸುಮಾರು 29 ಗ್ರಾಂ. ಅದೇ ಸ್ಕೀಯನ್ನು 18 ಸೆಂಟಿಮೀಟರ್ ಅಗಲದ್ದಕ್ಕೆ ಬದಲಿಸಿದರೆ 22 ಗ್ರಾಂ. ಪುಡಿಹಿಮದ ಸ್ಕೀ ಕೊಳ್ಳುವವರು ದುಡ್ಡು ಕೊಡುವುದು ಈ ಏಳು ಗ್ರಾಂ ವ್ಯತ್ಯಾಸಕ್ಕೆ.

ಏಳು ಗ್ರಾಂ ಅಲ್ಪವೆಂದು ಕಾಣಬಹುದು. ಆದರೆ 29 ಇದ್ದದ್ದು 22 ಆದಾಗ ಮುಂಭಾಗದ ಒತ್ತಡ ಸುಮಾರು ಕಾಲು ಭಾಗ ಇಳಿಯಿತು. ಅಷ್ಟರ ಮಟ್ಟಿಗೆ ಮೂತಿ ಹಿಮದೊಳಗೆ ಇಳಿಯುವುದು ತಗ್ಗುತ್ತದೆ. ಮೂತಿ ಇಳಿದ ಗಾಡಿ ಎದುರಿನ ಹಿಮವನ್ನು ಗುದ್ದಿ ತಳ್ಳುತ್ತಲೇ ಎಂಜಿನ್ನಿನ ಬಲವನ್ನೆಲ್ಲ ಕಳೆಯುತ್ತದೆ. ಹೊಸದಾಗಿ ಬಿದ್ದ ಪುಡಿಹಿಮದ ಒಂದು ಘನ ಮೀಟರು ಸಾಮಾನ್ಯವಾಗಿ 50ರಿಂದ 100 ಕಿಲೋ ತೂಗುತ್ತದೆ. ಅಷ್ಟೇ ನೀರು 1,000 ಕಿಲೋ. ಪುಡಿಹಿಮದ ಹೆಚ್ಚು ಭಾಗ ಗಾಳಿಯೇ ಆದ್ದರಿಂದ ಅಲ್ಲಿ ಪ್ರತಿ ಗ್ರಾಮಿಗೂ ಬೆಲೆಯಿದೆ.

ಈ ಯಂತ್ರದ ಹಿಂದೆ ಒಂದು ಮನೆಯ ಸಂಕಟವಿದೆ. ಕೆನಡಾದ ಕ್ವಿಬೆಕ್ ಪ್ರಾಂತದ ವ್ಯಾಲ್ಕೋರ್ ಎಂಬ ಊರಿನಲ್ಲಿ ಜೋಸೆಫ್ ಆರ್ಮಾಂ ಬೊಂಬಾರ್ಡಿಯೇ ಎಂಬ ಮೆಕ್ಯಾನಿಕ್ ಇದ್ದ. 1934ರ ಚಳಿಗಾಲದಲ್ಲಿ ಅವನ ಎರಡು ವರ್ಷದ ಮಗನಿಗೆ ಅಪೆಂಡಿಸೈಟಿಸ್ ಬಂತು. ರಸ್ತೆಗಳು ಹಿಮದಲ್ಲಿ ಮುಚ್ಚಿಹೋಗಿದ್ದರಿಂದ ಆಸ್ಪತ್ರೆ ತಲುಪಲಾಗದೆ ಮಗು ತೀರಿಕೊಂಡಿತು. ಅದಾದ ಮೇಲೆ ಅವನು ಹಿಮದ ಮೇಲೆ ಓಡುವ ಪಟ್ಟಿಗಾಡಿಯ ಕೆಲಸವನ್ನು ಬಿಡದೆ ಮುಂದುವರಿಸಿ 1937ರಲ್ಲಿ ಪೇಟೆಂಟ್ ಪಡೆದ. ಮೊದಮೊದಲ ಗಾಡಿಗಳು ವೈದ್ಯರನ್ನು, ಅಂಚೆಯನ್ನು, ಶಾಲೆಯ ಮಕ್ಕಳನ್ನು ಹೊತ್ತವು. ಒಬ್ಬಿಬ್ಬರು ಕೂರುವ ಹಗುರ ಸ್ಕೀಡೂ 1959ರಲ್ಲಿ ಬಂತು. ಇಂದಿನ ಮೋಜಿನ ಸವಾರಿಯೂ ಸಿಯಾಚಿನ್‌ನಂಥ ಹಿಮನದಿಯ ಮೇಲೆ ಸೇನೆ ಬಳಸುವ ಸ್ನೋ ಸ್ಕೂಟರೂ ಇದೇ ವಂಶದವು.

ತಳವಿರುವ ಕೆಸರು, ತಳ ಸಿಗದ ಹಿಮ

ಒತ್ತಡದ ಲೆಕ್ಕವನ್ನಷ್ಟೇ ಹಿಡಿದು ಅಚ್ಚುಕಟ್ಟಿಗೆ ಬಂದರೆ ಒಂದು ತೊಡಕು ಎದುರಾಗುತ್ತದೆ. ಚದರ ಸೆಂಟಿಮೀಟರಿಗೆ ಒಂದು ಕಿಲೋ ಒತ್ತುವ ಟ್ರ್ಯಾಕ್ಟರನ್ನು ಕಲಸಿದ ಕೆಸರು ಹೊರಲಾರದು. ಕೇಜ್ ವೀಲ್ ಕೂಡಿಸಿದರೂ ಹೊರಲಾರದು. ಆದರೂ ಟ್ರ್ಯಾಕ್ಟರು ಗದ್ದೆಯಲ್ಲಿ ಓಡಾಡುತ್ತದೆ. ಹೇಗೆ?

ಉತ್ತರ ಕೆಸರಿನ ಕೆಳಗಿದೆ. ವರ್ಷಗಟ್ಟಲೆ ಎತ್ತುಗಳ ಗೊರಸು, ನೇಗಿಲ ತಳ, ಈಗೀಗ ಯಂತ್ರಗಳ ಚಕ್ರ ಅದೇ ಆಳದಲ್ಲಿ ತುಳಿದು ತುಳಿದು ಗದ್ದೆಯ ಕೆಳಗೆ ಒಂದು ಗಟ್ಟಿ ಪದರ ಕಟ್ಟಿಕೊಂಡಿರುತ್ತದೆ. ಸಾಮಾನ್ಯವಾಗಿ ಒಂದು ಗೇಣಿನ ಆಸುಪಾಸಿನಲ್ಲಿ, 15ರಿಂದ 25 ಸೆಂಟಿಮೀಟರ್ ಆಳದಲ್ಲಿ ಅದು ಸಿಗುತ್ತದೆ. ನೀರು ಕೆಳಗಿಳಿಯದಂತೆ ತಡೆದು ಬತ್ತವನ್ನು ಉಳಿಸುವುದೂ ಅದೇ, ಟ್ರ್ಯಾಕ್ಟರನ್ನು ಹೊರುವುದೂ ಅದೇ. ಟೈರು ಕೆಸರನ್ನು ಸೀಳಿಕೊಂಡು ಇಳಿದು ಈ ಪದರದ ಮೇಲೆ ನಿಲ್ಲುತ್ತದೆ. ಗದ್ದೆಯ ಟ್ರ್ಯಾಕ್ಟರು ನಿಜವಾಗಿ ಕೆಸರಿನ ತಳದಲ್ಲಿ ನಡೆಯುತ್ತದೆ.

ಹಾಗಿದ್ದ ಮೇಲೆ ಕೇಜ್ ವೀಲ್ ಯಾಕೆ? ಎಳೆತಕ್ಕೆ. ರಬ್ಬರ್ ಟೈರಿನ ಹಲ್ಲುಗಳ ನಡುವೆ ಅಂಟುಮಣ್ಣು ತುಂಬಿಕೊಂಡರೆ ಅದು ನುಣುಪಾದ ಉರುಳೆಯಾಗಿ ನಿಂತಲ್ಲೇ ಸ್ಲಿಪ್ ಹೊಡೆಯುತ್ತದೆ. ಪಂಜರದಲ್ಲಿ ಮಣ್ಣು ಕಚ್ಚಿಕೊಳ್ಳಲು ಜಾಗವೇ ಇಲ್ಲ. ಪಟ್ಟಿಗಳ ಸಂದಿಯಿಂದ ಕೆಸರು ಒಳಗೆ ಬಂದು ಆಚೆ ಬೀಳುತ್ತದೆ. ಒಂದೊಂದು ಪಟ್ಟಿಯೂ ಹೊಸದಾಗಿ ಕೆಸರನ್ನು ಹಿಂದಕ್ಕೆ ತಳ್ಳಿ ಗಾಡಿಯನ್ನು ಮುಂದಕ್ಕೆ ನೂಕುತ್ತದೆ, ಜೊತೆಗೆ ಮಣ್ಣನ್ನೂ ಕಲಸುತ್ತದೆ. ಪಟ್ಟಿಗಳನ್ನು ಓರೆಯಾಗಿ ಬೆಸೆಯುವುದಕ್ಕೂ ಕಾರಣವಿದೆ. ನೇರವಾಗಿ ಕೂತ ಪಟ್ಟಿ ಇಡೀ ಅಗಲಕ್ಕೆ ಒಮ್ಮೆಗೇ ಬಡಿದು ಕುಲುಕುತ್ತದೆ, ಓರೆಪಟ್ಟಿ ಒಂದು ತುದಿಯಿಂದ ಮೆಲ್ಲಗೆ ಒಳಗಿಳಿಯುತ್ತದೆ.

ಮಾಲೂರಿನಲ್ಲಿ ವಿಎಸ್‌ಟಿ ಕಂಪನಿಯ ಕಾರ್ಖಾನೆಯಿದೆ. ಆ ಕಂಪನಿಯ ಪವರ್ ಟಿಲ್ಲರ್ ಕರ್ನಾಟಕದ ಗದ್ದೆಗಳಿಗೆಲ್ಲ ಪರಿಚಿತ. ಟ್ರ್ಯಾಕ್ಟರಿಗಿಂತ ಎಷ್ಟೋ ಹಗುರವಾದ ಈ ಯಂತ್ರಕ್ಕೆ ಟೈರು ತೆಗೆದು ಪೂರ್ತಿ ಕಬ್ಬಿಣದ ಚಕ್ರವನ್ನೇ ಹಾಕುವುದು ರೂಢಿ. ಭಾರದ ಟ್ರ್ಯಾಕ್ಟರಿಗೆ ಪೂರ್ಣ ಪಂಜರ ಹಾಕಿದರೆ ಆಕ್ಸಲ್ಲಿನ ಮೇಲೆ ಬೀಳುವ ಹೊಡೆತ ಹೆಚ್ಚು, ಏಕೆಂದರೆ ರಬ್ಬರು ನುಂಗಿಕೊಳ್ಳುತ್ತಿದ್ದ ಪೆಟ್ಟನ್ನು ಕಬ್ಬಿಣ ಹಾಗೇ ಒಳಗೆ ದಾಟಿಸುತ್ತದೆ. ಕಬ್ಬಿಣದ ಪಟ್ಟಿ ಟಾರು ರಸ್ತೆಯನ್ನೂ ಕಿತ್ತುಹಾಕುತ್ತದೆ. ಬತ್ತದ ಸೀಮೆಗಳಲ್ಲಿ ನಾಟಿಯ ಕಾಲ ಬಂತೆಂದರೆ ಕೇಜ್ ವೀಲ್ ಸಮೇತ ರಸ್ತೆಗಿಳಿಯಬೇಡಿ ಎಂದು ಅಧಿಕಾರಿಗಳು ಎಚ್ಚರಿಸುವುದು ಇದಕ್ಕೇ.

ತಳದ ಗಟ್ಟಿಪದರ ಕೈಕೊಟ್ಟರೆ ಈ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಕೆರೆಯಂಗಳದ ಹೂಳಿನಲ್ಲಿ ಅಂಥ ಪದರ ಆಳುದ್ದಕ್ಕೂ ಸಿಗದಿರಬಹುದು. ಇಟ್ಟಿಗೆಗೋ ಹೆಂಚಿಗೋ ಮಣ್ಣು ತೆಗೆದ ಗುಂಡಿ ಆಮೇಲೆ ಹೂಳು ತುಂಬಿ ಮೇಲ್ನೋಟಕ್ಕೆ ಸಮವಾಗಿ ಕಾಣುತ್ತದೆ, ಒಳಗೆ ತಳವಿರುವುದಿಲ್ಲ. ಅನುಭವಿ ಡ್ರೈವರ್ ಗೊತ್ತಿಲ್ಲದ ಗದ್ದೆಗೆ ಇಳಿಯುವ ಮುಂಚೆ ಬದುವಿನ ಮೇಲೆ ನಿಂತು, "ಗಟ್ಟಿ ಎಷ್ಟಕ್ಕೆ ಸಿಕ್ತದಣ್ಣ?" ಎಂದು ಕೇಳುತ್ತಾನೆ, ಗಳವೊಂದನ್ನು ಚುಚ್ಚಿ ನೋಡುತ್ತಾನೆ. ಟೆರ್ರಾಮೆಕ್ಯಾನಿಕ್ಸಿನ ಮೊದಲ ಪ್ರಶ್ನೆಯೂ ಅದೇ.

ರಾಕಿ ಪರ್ವತದ ಪುಡಿಹಿಮದಲ್ಲಿ ಈ ಪ್ರಶ್ನೆಗೆ ಸಿಗುವ ಉತ್ತರ ಬೇರೆ. ಅಲ್ಲಿ ಒಂದೊಂದು ಕಡೆ ಎದೆಮಟ್ಟ, ಅದಕ್ಕೂ ಮೀರಿ ಸಡಿಲ ಹಿಮ ಇರುತ್ತದೆ. ತಳಕ್ಕೆ ಇಳಿದು ನಡೆಯುವ ಉಪಾಯ ಅಲ್ಲಿ ನಡೆಯದು. ಮೇಲೆಯೇ ನಿಲ್ಲಬೇಕು. ಹಾಗಾಗಿ ಯಂತ್ರವನ್ನು ಹಗುರ ಮಾಡಿ, ಪಟ್ಟಿಯನ್ನು ಉದ್ದ ಮಾಡಿ, ಸ್ಕೀಯನ್ನು ಅಗಲ ಮಾಡಿದರು. ಎಳೆತಕ್ಕಾಗಿ ಪಟ್ಟಿಯ ಮೇಲೆ ಎರಡೂವರೆಯಿಂದ ಮೂರು ಇಂಚಿನ ರಬ್ಬರ್ ಹಲ್ಲುಗಳನ್ನು ನಿಲ್ಲಿಸಿದರು.

ಏಷ್ಯಾದ ಬತ್ತದ ನಾಡುಗಳಲ್ಲೂ ತಳವಿಲ್ಲದ ಗದ್ದೆಗಳಿವೆ. ಅಂಥ ಜೌಗು ಗದ್ದೆಗಳಿಗಾಗಿ ಚೀನಾದಲ್ಲಿ ದೋಣಿ ಟ್ರ್ಯಾಕ್ಟರು, ಫಿಲಿಪ್ಪೀನ್ಸಿನಲ್ಲಿ ತೇಲುವ ಟಿಲ್ಲರು ಬಂದವು. ದೋಣಿಯ ಹೊಟ್ಟೆಯಂಥ ಅಗಲ ತಳ ಭಾರವನ್ನು ಹೊತ್ತು ಕೆಸರಿನ ಮೇಲೆ ಜಾರುತ್ತದೆ, ಕಬ್ಬಿಣದ ಪಂಜರಚಕ್ರ ಎಳೆಯುವ ಕೆಲಸವನ್ನಷ್ಟೇ ಮಾಡುತ್ತದೆ. ಹೊರುವುದಕ್ಕೊಂದು ಅಂಗ, ಎಳೆಯುವುದಕ್ಕೊಂದು ಅಂಗ. ಇಲ್ಲಿ ಬತ್ತದ ಯಂತ್ರವೂ ಹಿಮದ ಯಂತ್ರವೂ ಒಂದಕ್ಕೊಂದು ತೀರಾ ಹತ್ತಿರ ಬರುತ್ತವೆ.

ಕಂಬಳದ ಹಲಗೆ ಹೇಳುವ ಲೆಕ್ಕ

ಅಗಲದಿಂದ ಮಾತ್ರವಲ್ಲ, ವೇಗದಿಂದಲೂ ಮೇಲೆ ನಿಲ್ಲಬಹುದು. ಇದಕ್ಕೆ ಒಳ್ಳೆಯ ಉದಾಹರಣೆ ನಮ್ಮ ಕರಾವಳಿಯ ಕಂಬಳದಲ್ಲಿದೆ. ಕಂಬಳದ ಅಡ್ಡಹಲಗೆ ವಿಭಾಗದಲ್ಲಿ ಓಟಗಾರ ಕೋಣಗಳ ಹಿಂದೆ ಹಲಗೆಯ ಮೇಲೆ ನಿಂತು ಕೆಸರುನೀರಿನ ಮೇಲೆ ಸಾಗುತ್ತಾನೆ. ಕೆನೆಹಲಗೆಯಲ್ಲಿ ಮರದ ತುಂಡಿಗೆ ತೂತುಗಳಿರುತ್ತವೆ. ಓಟಗಾರ ಅದರ ಮೇಲೆ ಒಂದು ಕಾಲೂರಿ ಸಾಗುವಾಗ ತೂತಿನಿಂದ ನೀರು ಚಿಮ್ಮುತ್ತದೆ. ಮೇಲೆ ಕಟ್ಟಿದ ನಿಶಾನಿಗೆ ಆ ನೀರು ತಾಗಿತೇ ಎಂಬುದರ ಮೇಲೆ ಫಲಿತಾಂಶ.

ತೂತಿನಿಂದ ನೀರನ್ನು ಮೇಲಕ್ಕೆ ಚಿಮ್ಮಿಸುವ ಒತ್ತಡವೇ ಹಲಗೆಯನ್ನೂ ಮೇಲಕ್ಕೆ ನೂಕುತ್ತದೆ. 2020ರ ಫೆಬ್ರುವರಿಯಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು, ಅಂದರೆ ಓಟದ ಕೆಸರುಗದ್ದೆಯನ್ನು, 13.62 ಸೆಕೆಂಡಿನಲ್ಲಿ ಓಡಿದ್ದು ದೇಶವಿಡೀ ಸುದ್ದಿಯಾಯಿತು. ಅಂದರೆ ಸೆಕೆಂಡಿಗೆ ಸರಾಸರಿ 10.46 ಮೀಟರ್. ಹಲಗೆಯೊಂದು ಅದೇ ವೇಗದಲ್ಲಿ ನೀರಿನ ಮೇಲೆ ಸಾಗಿದರೆ ಎದುರಿನ ನೀರು ಅದರ ಮೇಲೆ ಹಾಕಬಲ್ಲ ಗರಿಷ್ಠ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 560 ಗ್ರಾಂ. ಅಷ್ಟು ಒತ್ತಡ ನೀರನ್ನು ಐದೂವರೆ ಮೀಟರಿನವರೆಗೆ ಎತ್ತಬಲ್ಲದು. ಗಾಳಿಯ ತಡೆ, ಹಲಗೆಯ ಓರೆ ಎಲ್ಲ ಸೇರಿ ವಾಸ್ತವದಲ್ಲಿ ಇದು ಕಡಿಮೆಯಾಗುತ್ತದೆ. ಆದರೂ ಓಟಗಾರನ ಭಾರ ಹೊರಲು ಪುಟ್ಟ ಹಲಗೆ ಸಾಕಾಗುವುದೇಕೆ ಎಂಬುದು ಇಷ್ಟರಲ್ಲೇ ತಿಳಿಯುತ್ತದೆ. ಕೋಣ ನಿಂತರೆ ಹಲಗೆಯೂ ಮುಳುಗುತ್ತದೆ.

ಇದೇ ಸೂತ್ರವನ್ನು ಹಿಮಕ್ಕೆ ಹಾಕಿ ನೋಡಿ. ಘನ ಮೀಟರಿಗೆ 80 ಕಿಲೋ ತೂಗುವ ಪುಡಿಹಿಮ ನೀರಿಗಿಂತ ಹನ್ನೆರಡೂವರೆ ಪಟ್ಟು ಹಗುರ. ಅದೇ ವೇಗದಲ್ಲಿ ಅದು ಕೊಡಬಲ್ಲದ್ದು ಹೆಚ್ಚೆಂದರೆ 45 ಗ್ರಾಂ. ಸ್ಕೀಗೆ ಬೇಕಾದದ್ದು 22ರಿಂದ 29 ಗ್ರಾಂ. ಹಾಗಾಗಿ ವೇಗವಿದ್ದಾಗ ಸ್ಕೀ ತಾನಾಗಿ ಮೇಲೇಳುತ್ತದೆ. ವೇಗ ಅರ್ಧಕ್ಕಿಳಿದರೆ ಒತ್ತಡ ಕಾಲು ಭಾಗಕ್ಕೆ ಇಳಿಯುತ್ತದೆ: ಬರೀ 11 ಗ್ರಾಂ. ಮರಗಳ ಸಂದಿಯಲ್ಲಿ ನಿಧಾನವಾಗಿ ದಾರಿ ಹುಡುಕುವಾಗ, ಏರಿನ ತುದಿಯಲ್ಲಿ ಎಂಜಿನ್ ಸೋಲುವಾಗ, ನಿಂತ ಗಾಡಿಯನ್ನು ಮತ್ತೆ ಹೊರಡಿಸುವಾಗ ವೇಗದ ಆಸರೆ ಇರುವುದಿಲ್ಲ. ಅಗಲದ ಸ್ಕೀ ನೆರವಾಗುವುದು ಅಂಥ ಗಳಿಗೆಯಲ್ಲಿ. ಬಯಲಿನಲ್ಲಿ ಜೋರಾಗಿ ಓಡಿಸುವವನಿಗಿಂತ ಕಾಡಿನೊಳಗೆ ನಿಧಾನಕ್ಕೆ ನುಗ್ಗುವವನಿಗೆ ಅದು ಹೆಚ್ಚು ಅಗತ್ಯ.

ತೇಲುವುದಕ್ಕೆ ಅಗಲ, ತಿರುಗುವುದಕ್ಕೆ ಏಣು

ಹಾಗಾದರೆ ಸ್ಕೀಯನ್ನು ಒಂದು ಅಡಿ ಅಗಲ ಮಾಡಿಬಿಡಬಹುದಲ್ಲ? ಮಾಡಿದರೆ ಗಾಡಿ ತಿರುಗುವುದಿಲ್ಲ. ತಿರುಗಬೇಕಾದರೆ ಮುಂಭಾಗ ಪಕ್ಕಕ್ಕೆ ಜಾರದಂತೆ ನೆಲವನ್ನು ಹಿಡಿಯಬೇಕು. ಅಗಲವಾದ ಚಪ್ಪಟೆ ಹಲಗೆಗೆ ಆ ಹಿಡಿತ ಇರುವುದಿಲ್ಲ. ಅದಕ್ಕೇ ಸ್ಕೀಯ ತಳದಲ್ಲಿ ಉದ್ದಕ್ಕೆ ಒಂದು ಏಣು ಇರುತ್ತದೆ, ಅದರ ಕೆಳಗೆ ಉಕ್ಕಿನ ಸರಳು, ಸರಳಿನಲ್ಲಿ ಗಟ್ಟಿ ಕಾರ್ಬೈಡಿನ ಅಂಚು. ಗಟ್ಟಿಹಿಮದಲ್ಲಿ ಕಾರ್ಬೈಡ್ ಕೊರೆಯುತ್ತದೆ, ಪುಡಿಹಿಮದಲ್ಲಿ ಏಣಿನ ಆಳ ಗೋಡೆ ಹಿಮಕ್ಕೆ ಒತ್ತಿ ನಿಲ್ಲುತ್ತದೆ. ಟ್ರ್ಯಾಕ್ಟರಿನ ಮುಂದಿನ ಟೈರನ್ನು ಗಮನಿಸಿದವರಿಗೆ ಇದು ಹೊಸದಲ್ಲ. ಹಿಂದಿನ ಟೈರಿಗೆ ಅಡ್ಡ ಹಲ್ಲು, ಎಳೆಯುವುದಕ್ಕೆ. ಮುಂದಿನದಕ್ಕೆ ಸುತ್ತಲೂ ಉದ್ದ ಗೆರೆಯ ಏಣು, ಪಕ್ಕಕ್ಕೆ ಜಾರದಿರುವುದಕ್ಕೆ.

ಮೆತ್ತನೆಯ ನೆಲದಲ್ಲಿ ಮುಂಭಾಗವೊಂದರಿಂದಲೇ ತಿರುಗಲು ಆಗುವುದಿಲ್ಲ ಎಂಬುದನ್ನೂ ಟ್ರ್ಯಾಕ್ಟರು ಕಲಿಸುತ್ತದೆ. ಅದರ ಡ್ರೈವರನ ಬಲಗಾಲಿನ ಕೆಳಗೆ ಎರಡು ಬ್ರೇಕ್ ಪೆಡಲ್ ಇರುತ್ತವೆ, ಎಡ ಚಕ್ರಕ್ಕೊಂದು, ಬಲ ಚಕ್ರಕ್ಕೊಂದು. ರಸ್ತೆಯಲ್ಲಿ ಎರಡನ್ನೂ ಕೊಂಡಿ ಹಾಕಿ ಜೋಡಿಸುತ್ತಾರೆ. ಗದ್ದೆಯಲ್ಲಿ ಕೊಂಡಿ ಬಿಚ್ಚಿ, ತಿರುಗಬೇಕಾದ ಕಡೆಯ ಪೆಡಲನ್ನಷ್ಟೇ ಒತ್ತುತ್ತಾರೆ. ಒಳಚಕ್ರ ನಿಂತು ಹೊರಚಕ್ರ ಓಡಿದಾಗ ಗಾಡಿ ಬದುವಿನ ಮೂಲೆಯಲ್ಲೇ ಸುತ್ತುತ್ತದೆ. ಸ್ಟೀರಿಂಗ್ ದಾರಿ ತೋರಿಸುತ್ತದೆ, ತಿರುಗಿಸುವುದು ಹಿಂದಿನ ಚಕ್ರ. ಪುಡಿಹಿಮದ ಸವಾರ ಇದೇ ಕೆಲಸವನ್ನು ಮೈಭಾರದಿಂದ ಮಾಡುತ್ತಾನೆ: ಒಂದು ಕಡೆಯ ಮೆಟ್ಟಿನ ಮೇಲೆ ಪೂರ್ತಿ ನಿಂತು ಗಾಡಿಯನ್ನು ವಾಲಿಸುತ್ತಾನೆ. ಪಟ್ಟಿಯ ಒಂದು ಅಂಚು ಒಳಗಿಳಿದು ಗಾಡಿ ಅತ್ತ ಸುತ್ತುತ್ತದೆ. ಇಳಿಜಾರಿಗೆ ಅಡ್ಡಲಾಗಿ ಸಾಗುವಾಗಲಂತೂ ಗಾಡಿ ನಿಲ್ಲುವುದು ವಾಲಿದ ಪಟ್ಟಿಯ ಅಂಚು, ಒಂದು ಸ್ಕೀಯ ಅಂಚು ಇವೆರಡರ ಮೇಲೆ.

ದನ, ಎಮ್ಮೆಗಳ ಗೊರಸಿನಲ್ಲೂ ಇದೇ ಜಾಣ್ಮೆ ಇದೆ. ಎರಡಾಗಿ ಸೀಳಿದ ಗೊರಸು ಕೆಸರಿನಲ್ಲಿ ಊರಿದಾಗ ಅಗಲವಾಗಿ ಹರಡಿಕೊಳ್ಳುತ್ತದೆ, ಕಾಲೆತ್ತುವಾಗ ಕೂಡಿಕೊಂಡು ಕಿರಿದಾಗುತ್ತದೆ. ಊರುವಾಗ ಆಸರೆ ಹೆಚ್ಚು, ಕೀಳುವಾಗ ಹೀರಿಹಿಡಿತ ಕಡಿಮೆ. ಒಂದೇ ಪಾದ ಎರಡು ಬೇರೆ ಬೇಡಿಕೆಗಳಿಗೆ ಎರಡು ಬೇರೆ ಆಕಾರ ತಾಳುತ್ತದೆ.

ಯಂತ್ರ ರೂಪಿಸುವವರು ಸಾಧಿಸಿದ್ದೂ ಇದನ್ನೇ. ಒಳ್ಳೆಯ ಪುಡಿಹಿಮದ ಸ್ಕೀಯನ್ನು ಅಡ್ಡ ಕೊಯ್ದು ನೋಡಿದರೆ ನಡುವೆ ಕಿರಿದಾದ ಆಳ ಏಣು, ಎರಡೂ ಪಕ್ಕ ಮೇಲಕ್ಕೆ ಎದ್ದ ಅಗಲ ರೆಕ್ಕೆ ಕಾಣುತ್ತದೆ. ಗಟ್ಟಿ ದಾರಿಯಲ್ಲಿ ಏಣೊಂದೇ ತಾಗುತ್ತದೆ, ರೆಕ್ಕೆಗಳು ಗಾಳಿಯಲ್ಲಿರುತ್ತವೆ. ಹಿಮ ಆಳವಾದಂತೆ ಏಣು ಇಳಿದು ರೆಕ್ಕೆಗಳು ಭಾರ ಹೊರತೊಡಗುತ್ತವೆ. ಗಟ್ಟಿ ನೆಲಕ್ಕೆ ಟೈರು, ಕೆಸರಿಗೆ ಪಂಜರ ಎಂದು ಸುತ್ತಳತೆಯಲ್ಲಿ ಅಂತರ ಬಿಟ್ಟ ವೆಲ್ಡಿಂಗ್ ಅಂಗಡಿಯವನು ಮಾಡಿದ್ದು ಇದೇ ಕೆಲಸವನ್ನು. ಆಳಕ್ಕೆ ತಕ್ಕಂತೆ ತಾನಾಗಿ ಬದಲಾಗುವ ಪಾದ ಅದು. ಎಂಜಿನಿಯರಿಂಗ್ ಪಠ್ಯದಲ್ಲಿ ಸ್ಥಾನ ಪಡೆಯಬೇಕಾದ ವಿನ್ಯಾಸ ಎಂದು ನಾನು ಮನಸಾರೆ ನಂಬುತ್ತೇನೆ.

ಆರಿಸುವ ಕ್ರಮ

ಈಗ ಸ್ಕೀ ಆರಿಸುವ ಮಾತು. ಮೊದಲು ಆಳ. ವರ್ಷದಲ್ಲಿ ಹೆಚ್ಚು ದಿನ ಓಡಿಸುವುದು ತುಳಿದು ಗಟ್ಟಿಯಾದ ದಾರಿಯಲ್ಲೋ, ಸೊಂಟದ ಮಟ್ಟದ ಸಡಿಲ ಹಿಮದಲ್ಲೋ? ದಾರಿಯ ಸವಾರನಿಗೆ ಆರು ಇಂಚಿನ ಸುತ್ತಮುತ್ತಲಿನ ಅಗಲ ಸಾಕು. ಆಳ ಹಿಮದವನು ಏಳರಿಂದ ಒಂಬತ್ತು ಇಂಚಿನವರೆಗೆ ಹೋಗಬಹುದು. ಭಾರದ ಸವಾರ, ಭಾರದ ಗಾಡಿ ಆದರೆ ಅಗಲದ ಕಡೆಗೆ ವಾಲಬೇಕು. ಗಾಡಿ ಹಗುರವಾಗಿದ್ದು ಮುಂದಿನ ಸ್ಕೀಗಳ ಮೇಲೆ ಭಾರವೇ ಕಡಿಮೆ ಇದ್ದರೆ ವಿಪರೀತ ಅಗಲ ಬೇಡ. ಏಣು ಹಿಮಕ್ಕೆ ಇಳಿಯದೆ ತಿರುಗುವಾಗ ಮುಂಭಾಗ ನೆಟ್ಟಗೆ ಜಾರುತ್ತದೆ.

ಆಮೇಲೆ ಏಣು. ಒಂದೇ ಆಳ ಏಣಿನ ಸ್ಕೀ ಪುಡಿಹಿಮದಲ್ಲಿ ಚೆನ್ನಾಗಿ ಕಚ್ಚುತ್ತದೆ. ಆದರೆ ಬೇರೆ ಗಾಡಿಗಳು ಕೊರೆದ ಗೀರಿಗೆ ಸಿಕ್ಕಿದರೆ ಅದರ ಹಿಂದೆಯೇ ಓಡುತ್ತದೆ, ಹ್ಯಾಂಡಲ್ ಕೈಯಲ್ಲಿ ಎಳೆದಾಡುತ್ತದೆ. ಸಿಮನ್ಸ್ ಫ್ಲೆಕ್ಸಿ-ಸ್ಕೀಯಂಥವುಗಳಲ್ಲಿ ಎರಡು ಏಣುಗಳಿದ್ದು ಈ ಎಳೆದಾಟ ಕಡಿಮೆ. ಏಣು ಆಳವಾದಷ್ಟೂ ಹ್ಯಾಂಡಲ್ ಭಾರವಾಗುತ್ತದೆ. ದಿನವಿಡೀ ಓಡಿಸುವವನ ತೋಳು ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಮೂರನೆಯದು ಮೂತಿ. ತುದಿ ಮೇಲಕ್ಕೆ ಚೆನ್ನಾಗಿ ಬಾಗಿರಬೇಕು, ಬಾಗು ಹಠಾತ್ತಾಗಿ ಮುರಿಯದೆ ಉದ್ದಕ್ಕೆ ಮೆಲ್ಲಗೆ ಏರಬೇಕು. ಆಗ ಎದುರಿನ ಹಿಮ ತಡೆಯಾಗದೆ ತಳಕ್ಕೆ ಜಾರಿ ಸ್ಕೀಯನ್ನು ಎತ್ತುತ್ತದೆ. ಸ್ಕೀಯನ್ನು ಗಾಡಿಗೆ ಜೋಡಿಸುವಲ್ಲಿ ಒಂದು ರಬ್ಬರ್ ದಿಮ್ಮಿ ಕೂತಿರುತ್ತದೆ. ಮೂತಿ ಎಷ್ಟು ಮೇಲೆದ್ದಿರಬೇಕು ಎಂಬುದನ್ನು ನಿರ್ಧರಿಸುವುದರಲ್ಲಿ ಅದರ ಪಾಲು ದೊಡ್ಡದು. ಸ್ಕೀ ಹೊಸದಾಗಿದ್ದರೂ ರಬ್ಬರು ಸವೆದಿದ್ದರೆ ಮೂತಿ ಕೆಳಗೆ ಬೀಳುತ್ತದೆ. ಸ್ಕೀಗೆ ಕೊಟ್ಟ ಹಣ ವ್ಯರ್ಥವಾಗಬಾರದೆಂದರೆ ಈ ದಿಮ್ಮಿಯನ್ನು ನೋಡಿಯೇ ಕೊಳ್ಳಬೇಕು. ಗಾಡಿಯ ಮಾದರಿಗೆ ಕೂರುವ ಜೋಡಣೆಯ ಭಾಗಗಳನ್ನೂ ಹೊಂದಿಸಿ ತರಬೇಕು.

ಕೊನೆಗೆ ಎರಡು ಸ್ಕೀಗಳ ನಡುವಿನ ಅಂತರ. ಬೆಟ್ಟದ ಗಾಡಿಗಳಲ್ಲಿ ಅದು 36 ಇಂಚಿನ ಆಸುಪಾಸಿನಲ್ಲಿ ಕಿರಿದಾಗಿರುತ್ತದೆ, ಸುಲಭವಾಗಿ ವಾಲಿಸಲೆಂದು. ಅಗಲದ ಸ್ಕೀ ಹಾಕಿದಾಗ ಹೊರ ಅಂಚುಗಳು ಇನ್ನಷ್ಟು ದೂರ ಸರಿಯುತ್ತವೆ, ವಾಲಿಸಲು ಹೆಚ್ಚು ಬಲ ಬೇಕಾಗುತ್ತದೆ. ತೇಲುವಿಕೆಯಲ್ಲಿ ಗಳಿಸಿದ್ದನ್ನು ಚುರುಕಿನಲ್ಲಿ ಸ್ವಲ್ಪ ಕಳೆದುಕೊಳ್ಳುತ್ತೇವೆ. ಎಲ್ಲದರಲ್ಲೂ ಮುಂದಿರುವ ಸ್ಕೀ ಯಾರೂ ಮಾಡಿಲ್ಲ. ಮಾಡಲು ಭೌತಶಾಸ್ತ್ರ ಬಿಡುವುದಿಲ್ಲ.

ಮಣ್ಣು ಅರಿತವರ ಯಂತ್ರ

ಈ ಶಾಸ್ತ್ರ ಚಂದ್ರನವರೆಗೂ ಹೋಗಿದೆ. 1971ರಲ್ಲಿ ಅಪೊಲೊ 15ರ ಯಾತ್ರಿಗಳು ಚಂದ್ರನ ದೂಳಿನ ಮೇಲೆ ಓಡಿಸಿದ ಗಾಡಿಯ ಹಿಂದೆ ಬೆಕ್ಕರನ ಕೆಲಸವಿತ್ತು. ಅದರ ಚಕ್ರ ಉಕ್ಕಿನ ತಂತಿಯಿಂದ ಹೆಣೆದ ಬಲೆ, ಮೇಲೆ ಟೈಟೇನಿಯಂ ಪಟ್ಟಿಗಳು. 2023ರ ಆಗಸ್ಟ್ 23ರಂದು ಚಂದ್ರನ ಮೇಲಿಳಿದ ಚಂದ್ರಯಾನ-3 ಹೊತ್ತೊಯ್ದ ಪ್ರಜ್ಞಾನ್ ರೋವರ್ 26 ಕಿಲೋದ್ದು, ಆರು ಚಕ್ರದ್ದು. ಚಂದ್ರಯಾನ-2ರ ತಯಾರಿಯಲ್ಲಿ ಇಸ್ರೊ ವಿಜ್ಞಾನಿಗಳು ತಮಿಳುನಾಡಿನ ಸಿತ್ತಂಪೂಂಡಿಯ ಬಂಡೆಯನ್ನು ಪುಡಿಮಾಡಿಸಿ, ಚಂದ್ರನ ಮಣ್ಣಿಗೆ ಹೋಲುವ ಮಣ್ಣನ್ನು ಬೆಂಗಳೂರಿನಲ್ಲಿ ಹರಡಿ ಅದರ ಮೇಲೆ ಪರೀಕ್ಷೆ ನಡೆಸಿದ್ದರು. ಅಲ್ಲೂ ಮೊದಲು ಮಣ್ಣು, ಆಮೇಲೆ ಚಕ್ರ.

ನೆಲವನ್ನು ಓದುವ ಸಾಧನಗಳು ಸರಳ. ಮಣ್ಣಿಗೆ ಕೋನ್ ಪೆನೆಟ್ರೋಮೀಟರ್ ಇದೆ: ಕೊನೆಯಲ್ಲಿ 30 ಡಿಗ್ರಿಯ ಚೂಪು ಕೋನವಿರುವ ಸರಳನ್ನು ಒತ್ತುತ್ತ ಹೋದರೆ ಯಾವ ಆಳದಲ್ಲಿ ಎಷ್ಟು ತಡೆ ಎಂದು ತೋರಿಸುತ್ತದೆ. ಹಿಮಕ್ಕೆ ಸ್ವಿಟ್ಜರ್ಲೆಂಡಿನಲ್ಲಿ 1930ರ ದಶಕದಲ್ಲೇ ಇಂಥದೇ ಸರಳು ಬಂತು. ಮೇಲಿಂದ ತೂಕವನ್ನು ಬೀಳಿಸಿ ಅದು ಎಷ್ಟು ಇಳಿಯಿತೆಂದು ಅಳೆಯುತ್ತಾರೆ. ಬದುವಿನ ಮೇಲಿನ ಡ್ರೈವರನ ಗಳ ಇವೆರಡರ ಹಿರಿಯಣ್ಣ.

ಈ ಅಳತೆ ಪ್ರಾಣದ ಪ್ರಶ್ನೆಯೂ ಹೌದು. ಸುಮಾರು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ, ದುರ್ಬಲ ಪದರದ ಮೇಲೆ ಗಟ್ಟಿಹಿಮ ಕೂತಿದ್ದರೆ ಸ್ನೋಮೊಬೈಲಿನ ಭಾರಕ್ಕೆ ಇಡೀ ಮಗ್ಗುಲು ಕಳಚಿ ಹಿಮಕುಸಿತವಾಗಬಹುದು. ಅಗಲದ ಸ್ಕೀ ಮೊದಲು ತಲುಪಲಾಗದಿದ್ದ ಇಳಿಜಾರುಗಳಿಗೆ ಸವಾರನನ್ನು ಕರೆದೊಯ್ಯುತ್ತದೆ. ಹಾಗಾಗಿ ಹಿಮದಡಿ ಹೂತವರನ್ನು ಹುಡುಕುವ ಪತ್ತೆಯಂತ್ರ, ಚುಚ್ಚುಸರಳು, ಸಲಿಕೆ ಇಲ್ಲದೆ, ಜೊತೆಗಾರರಿಲ್ಲದೆ ಅಲ್ಲಿಗೆ ಹೋಗಬಾರದು. ಗದ್ದೆಯಲ್ಲಿ ಹೂತ ಟ್ರ್ಯಾಕ್ಟರಿನ ಅಪಾಯ ಬೇರೆ ಬಗೆಯದು. ಹಿಂದಿನ ಚಕ್ರಕ್ಕೆ ಮರದ ದಿಮ್ಮಿ ಕಟ್ಟಿ ಆಕ್ಸಿಲರೇಟರ್ ಒತ್ತುವುದುಂಟು. ಚಕ್ರ ತಿರುಗಲಾಗದೆ ನಿಂತರೆ ಎಂಜಿನ್ನಿನ ತಿರುಚುಬಲ ಗಾಡಿಯನ್ನೇ ಆಕ್ಸಲ್ಲಿನ ಸುತ್ತ ತಿರುಗಿಸುತ್ತದೆ. ಮೂತಿ ಮೇಲೆದ್ದು ಒಂದೆರಡು ಸೆಕೆಂಡಿನಲ್ಲಿ ಟ್ರ್ಯಾಕ್ಟರು ಡ್ರೈವರನ ಮೇಲೆ ಮಗುಚುತ್ತದೆ. ದಿಮ್ಮಿ ಕಟ್ಟಬೇಡಿ, ಇನ್ನೊಂದು ಟ್ರ್ಯಾಕ್ಟರಿನಿಂದ ತಗ್ಗಿನ ಕೊಂಡಿಗೆ ಸರಪಳಿ ಹಾಕಿ ಎಳೆಸಿ.

ಸ್ನೋಮೊಬೈಲಿನ ಸ್ಕೀ ಬಗ್ಗೆ ಇಷ್ಟು ಲೆಕ್ಕ ಸಿಗುವುದು ಅಲ್ಲಿ ಹಿಮವನ್ನು ದಶಕಗಳಿಂದ ಅಳೆಯುತ್ತ ಬಂದಿರುವುದರಿಂದ. ನಮ್ಮ ಕೆರೆ ಕೆಳಗಿನ ಮಣ್ಣಿಗೂ ಅಷ್ಟೇ ಗೌರವದ ಅಳತೆ ಸಲ್ಲಬೇಕು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರ ಜಿಲ್ಲೆಯ ಹಲವು ಕೆರೆಗಳಿಗೆ ಬರುತ್ತಿದೆ; ಉದ್ದೇಶ ಅಂತರ್ಜಲ ಮರುಪೂರಣ. ಬಹುಕಾಲ ಒಣಗಿದ್ದ ನೆಲಕ್ಕೆ ಮತ್ತೆ ತೇವ ಸಿಕ್ಕುವಲ್ಲಿ ಯಂತ್ರಗಳೂ ಇಳಿಯುತ್ತವೆ. ಎಂಜಿನಿಯರಿಂಗ್ ಕಾಲೇಜಿನ ಹುಡುಗ ಹುಡುಗಿಯರು ಒಂದು ಪೆನೆಟ್ರೋಮೀಟರ್ ಹಿಡಿದು ಅಚ್ಚುಕಟ್ಟಿನ ಗದ್ದೆ ಗದ್ದೆಗೂ ಗಟ್ಟಿಪದರದ ಆಳ ಬರೆದುಕೊಂಡರೆ, ಆ ಪಟ್ಟಿಯನ್ನು ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸಿದರೆ, ಪಂಜರ ಎಷ್ಟು ಅಗಲ ಇರಬೇಕೆಂದು ವೆಲ್ಡಿಂಗ್ ಅಂಗಡಿಯವನು ಅಂದಾಜಿನ ಬದಲು ಅಂಕಿ ನೋಡಿ ಹೇಳಬಲ್ಲ. ಯಾವ ಗದ್ದೆಗೆ ಟ್ರ್ಯಾಕ್ಟರು, ಯಾವುದಕ್ಕೆ ಟಿಲ್ಲರು, ಯಾವುದಕ್ಕೆ ಎರಡೂ ಬೇಡ ಎಂಬುದು ಇಳಿಯುವ ಮೊದಲೇ ತಿಳಿಯುತ್ತದೆ. ಹಿಮವಾಗಲಿ ಕೆಸರಾಗಲಿ, ದುಡ್ಡು ಬಿಚ್ಚುವ ಮುನ್ನ ಕೋಲು ಇಳಿಸಿ ಆಳ ನೋಡಬೇಕು. ಅಗಲ, ಏಣು, ಪಟ್ಟಿ ಎಲ್ಲ ಆ ಉತ್ತರದಿಂದ ಹೊರಡುವ ಲೆಕ್ಕಗಳು.